ಮನೆವಾರ್ತೆ: ಬೆಳ್ಳಿಯನ್ನು ಮಗುಚಿ ನೋಡಿ

ಮನೆ ಪಾಲಾಗುವಾಗ ಹಳೆಯ ಬೆಳ್ಳಿಯನ್ನು ತಕ್ಕಡಿಗೆ ಹಾಕಿ ಹಂಚಿಕೊಳ್ಳುವುದು, ಇಲ್ಲವೆ ಕರಗಿಸಿ ಹೊಸದು ಮಾಡಿಸುವುದು ನಮ್ಮಲ್ಲಿ ರೂಢಿ. ಅದಕ್ಕೆ ಮೊದಲು ಪ್ರತಿಯೊಂದು ಸಾಮಾನನ್ನೂ ಒಮ್ಮೆ ಮಗುಚಿ ನೋಡಬೇಕೆಂಬುದು ಈ ತಿಂಗಳ ನಮ್ಮ ವಿನಂತಿ. ತಳದಲ್ಲಿ, ಚಮಚದ ಹಿಡಿಯ ಹಿಂದೆ, ಮುಚ್ಚಳದ ಒಳಗೆ ಸಣ್ಣ ಮುದ್ರೆಗಳಿದ್ದರೆ ಅವೇ ಆ ವಸ್ತುವಿನ ಜಾತಕ.

ಇಂಗ್ಲೆಂಡಿನ ಬೆಳ್ಳಿಯನ್ನು ಓದುವುದು ಸುಲಭ. ನಡೆಯುವ ಸಿಂಹವಿದ್ದರೆ ಸಾವಿರದಲ್ಲಿ 925 ಭಾಗ ಬೆಳ್ಳಿ. ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು, ಕಿರೀಟ 1974ರವರೆಗೆ ಷೆಫೀಲ್ಡಿನದು. ಒಂಟಿ ಅಕ್ಷರ ವರ್ಷ ಸೂಚಿಸುತ್ತದೆ. ಜೋಡಿ ಅಕ್ಷರಗಳು ಸಾಮಾನ್ಯವಾಗಿ ತಯಾರಕನ ಹೆಸರಿನವು. ಆದರೆ ಇ.ಪಿ.ಎನ್.ಎಸ್. ಎಂಬ ನಾಲ್ಕು ಅಕ್ಷರಗಳನ್ನು ಕಂಡು ಮೋಸಹೋಗಬಾರದು. ಅದು ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಲೋಹಕ್ಕೆ ಕೊಟ್ಟ ಬೆಳ್ಳಿಯ ತೆಳು ಲೇಪ ಮಾತ್ರ.

ಬ್ರಿಟಿಷರ ಕಾಲದ ಭಾರತದಲ್ಲಿ ಇಂಥ ಸರ್ಕಾರಿ ಮುದ್ರೆಯ ಕಟ್ಟಳೆ ಇರಲಿಲ್ಲ. ದೊಡ್ಡ ಅಂಗಡಿಯವರು ತಮ್ಮ ಹೆಸರನ್ನೇ ಒತ್ತುತ್ತಿದ್ದರು. ಕಲ್ಕತ್ತೆಯ ಹ್ಯಾಮಿಲ್ಟನ್ ಕಂಪೆನಿ, ಮದರಾಸಿನ ಪಿ. ಓರ್ ಅಂಡ್ ಸನ್ಸ್ ಅಂಥವು. ಕಛ್ ಪ್ರಾಂತದ ಊಮರ್ಸಿ ಮಾವಜಿ ಎಂಬ ಕುಶಲಿ ‘ಓ.ಎಂ.’, ‘ಭುಜ್’ ಎಂದು ಒತ್ತುತ್ತಿದ್ದ. ಆದೋನಿ, ರಾಯದುರ್ಗ, ಹೊಸೂರು, ತಾಳವಾಡಿ, ಕಾಸರಗೋಡುಗಳೆಲ್ಲ ಆಗ ಮದರಾಸು ಆಧಿಪತ್ಯದಲ್ಲಿದ್ದುದರಿಂದ ಓರ್ ಮುದ್ರೆಯ ಸಾಮಾನು ಅಲ್ಲಿನ ಮನೆಗಳಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ಇಂಥವುಗಳ ಬೆಲೆ ತೂಕಕ್ಕಷ್ಟೇ ನಿಲ್ಲುವುದಿಲ್ಲ. ಸಂಗ್ರಾಹಕರು ಕೆಲಸಕ್ಕೂ ಬೆಲೆ ಕೊಡುತ್ತಾರೆ.

ಊರ ಅಕ್ಕಸಾಲಿಗರು ಮಾಡಿದ ಚೊಂಬು, ತಟ್ಟೆ, ಬಟ್ಟಲುಗಳಲ್ಲಿ ಮುದ್ರೆ ಇಲ್ಲದಿರುವುದೇ ಹೆಚ್ಚು. ಆದರೆ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರು, ತೊಲದ ಲೆಕ್ಕ ಇರಬಹುದು. ತೊಲಕ್ಕೆ 11.66 ಗ್ರಾಂ, 40 ತೊಲವೆಂದಿದ್ದರೆ ಸುಮಾರು 466 ಗ್ರಾಂ ಇರಬೇಕು. ಈಗ ತೂಗಿ ನೋಡಿದರೆ ಎಷ್ಟು ಸವೆದಿದೆಯೆಂದು ತಿಳಿಯುತ್ತದೆ. ಹೆಸರಿನ ಮಾತು ಇನ್ನೂ ದೊಡ್ಡದು. ಹೊಲಮನೆಯ ಹಳೆಯ ಪತ್ರಗಳಲ್ಲಿ ಹೆಚ್ಚಾಗಿ ಗಂಡಸರ ಹೆಸರೇ ಇರುತ್ತದೆ. ತವರಿನಿಂದ ಬಂದ ಚೊಂಬಿನ ಮೇಲೆ ಮುತ್ತಜ್ಜಿಯ ಹೆಸರಿದ್ದರೆ ಮನೆಯಲ್ಲಿ ಅದು ಬರವಣಿಗೆಯಾಗಿ ಉಳಿದಿರುವ ಒಂದೇ ಕಡೆ ಅದಾಗಿರಬಹುದು. ಮೂಸೆಗೆ ಹಾಕಿದರೆ ಬೆಳ್ಳಿ ಉಳಿಯುತ್ತದೆ, ಹೆಸರು ಉಳಿಯುವುದಿಲ್ಲ.

ಆದುದರಿಂದ ಗುರುತಿರುವ ಕಡೆ ಬೂದಿ, ಹುಣಸೆಹಣ್ಣು ಹಾಕಿ ಉಜ್ಜಬೇಡಿ; ಮೆತ್ತನೆಯ ಬಟ್ಟೆ ಸಾಕು. ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ, ಫೋಟೋ ತೆಗೆದಿಡಿ. ಯಾರದು, ಎಲ್ಲಿಂದ ಬಂತು ಎಂಬುದನ್ನು ಹಿರಿಯರಿರುವಾಗಲೇ ಕೇಳಿ ಬರೆದುಕೊಳ್ಳಿ. ಹೊಸ ಬೆಳ್ಳಿ ಕೊಳ್ಳುವಾಗ 2005ರಿಂದ ಬಂದಿರುವ ಭಾರತೀಯ ಮಾನಕ ಸಂಸ್ಥೆಯ ಹಾಲ್‌ಮಾರ್ಕ್ ಕೇಳಿ ಪಡೆಯಿರಿ. ಅದು ಶುದ್ಧತೆಯನ್ನು ಹೇಳುತ್ತದೆ. ಮಗಳ ಹೆಸರನ್ನು ಮಾತ್ರ ನೀವೇ ಕೊರೆಸಬೇಕು.