ಕೈಯಾರೆ ಮುಟ್ಟಿದ ವಿಶ್ವನಾಥ

ನಮ್ಮ ಮನೆಯ ದೇವರ ಗೂಡಿನಲ್ಲಿ ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಿಂಡಿಯೊಂದಿದೆ. ಅಜ್ಜಿ ಕಾಶಿಯಿಂದ ತಂದ ಗಂಗೆ. ಯಾತ್ರೆಯ ಕಥೆ ಹೇಳುವಾಗ ಅವರು ರೈಲು, ಛತ್ರ, ಚಳಿಯ ಮಾತನ್ನೆಲ್ಲ ಬೇಗ ಮುಗಿಸಿ ಒಂದು ಕಡೆ ಬಂದು ನಿಲ್ಲುತ್ತಿದ್ದರು: "ವಿಶ್ವನಾಥನ್ನ ಈ ಕೈಯಾರೆ ಮುಟ್ಟಿದೆ ಕಣೋ."

ಗೋಕರ್ಣದಂಥ ಕೆಲವು ಕ್ಷೇತ್ರಗಳನ್ನು ಬಿಟ್ಟರೆ ನಮ್ಮ ಕಡೆ ಗರ್ಭಗುಡಿಯ ಹೊಸ್ತಿಲು ದಾಟುವವರು ಅರ್ಚಕರು ಮಾತ್ರ. ನಾವು ಹೊರಗೆ ನಿಂತು, ಮಂಗಳಾರತಿಯ ಬೆಳಕಿನಲ್ಲಿ ಕಂಡಷ್ಟು ಕಂಡುಕೊಂಡು ಬರುತ್ತೇವೆ. ಕಾಶಿಯಲ್ಲಿ ಬೆಳ್ಳಿ ಹೊದಿಸಿದ ಕುಂಡದಲ್ಲಿರುವ ಲಿಂಗದ ಮೇಲೆ ಭಕ್ತ ತಾನೇ ಗಂಗೆ ಎರೆಯುತ್ತಾನೆ, ತಾನೇ ಬಿಲ್ವಪತ್ರೆ ಇಡುತ್ತಾನೆ. ಇದಕ್ಕೆ ಸ್ಪರ್ಶ ದರ್ಶನ ಎಂದು ಹೆಸರು. ಕಾಶಿಯ ದೊಡ್ಡತನ ಶಿಖರದ ಚಿನ್ನಕ್ಕಿಂತ ಹೆಚ್ಚಾಗಿ ಈ ಪದ್ಧತಿಯಲ್ಲಿದೆ ಎಂದು ನಾನು ನಂಬಿದ್ದೇನೆ.

ಚಿನ್ನ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಪಂಜಾಬಿನ ಮಹಾರಾಜ ರಣಜಿತ್ ಸಿಂಗ್ ಕೊಟ್ಟದ್ದು. 1669ರಲ್ಲಿ ಔರಂಗಜೇಬನ ಆಜ್ಞೆಯಿಂದ ಗುಡಿ ಉರುಳಿದ ಮೇಲೆ ನೂರು ವರ್ಷ ದಾಟಿದರೂ ವಿಶ್ವನಾಥನಿಗೆ ತಕ್ಕ ನೆಲೆ ಇರಲಿಲ್ಲ. ಈಗಿನ ದೇವಾಲಯವನ್ನು 1780ರ ಹೊತ್ತಿಗೆ ಕಟ್ಟಿಸಿದವಳು ಇಂದೋರಿನ ಹೋಳ್ಕರ್ ಮನೆತನದ ಅಹಲ್ಯಾಬಾಯಿ. ಗಂಡನನ್ನೂ ಮಗನನ್ನೂ ಕಳೆದುಕೊಂಡು ರಾಜ್ಯಭಾರ ಹೊತ್ತ ಹೆಂಗಸು, ದೂರದ ಮಾಳವದಲ್ಲಿ ಕುಳಿತು ಕಾಶಿಯಲ್ಲಿ ಗುಡಿ ಎತ್ತಿದಳು.

ಆ ಗುಡಿಯ ಬಾಗಿಲು ಎಲ್ಲರಿಗೂ ತೆರೆದದ್ದು ಸ್ವಾತಂತ್ರ್ಯ ಬಂದ ಮೇಲೆ. 1950ರ ದಶಕದಲ್ಲಿ ದಲಿತರು ಒಳಗೆ ಬಂದಾಗ ಅದನ್ನು ಒಪ್ಪದ ಕರಪಾತ್ರಿ ಸ್ವಾಮಿಗಳು ಬೇರೆಯೇ ವಿಶ್ವನಾಥ ಮಂದಿರ ಮಾಡಿಕೊಂಡರು. ಜನ ಮಾತ್ರ ಹಳೆಯ ವಿಶ್ವನಾಥನ ಬಳಿಗೇ ಹೋದರು, ಇಂದಿಗೂ ಹೋಗುತ್ತಿದ್ದಾರೆ.

2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ ಕಾರಿಡಾರ್ ಗುಡಿಯನ್ನು ಗಂಗೆಗೆ ನೇರವಾಗಿ ಜೋಡಿಸಿತು. ಗಲ್ಲಿಗಳು ಹೋದವು, ಮುನ್ನೂರರಷ್ಟು ಕಟ್ಟಡಗಳು ಹೋದವು. ಆ ಮನೆಗಳಲ್ಲಿ ತಲೆಮಾರುಗಳಿಂದ ಬಾಳಿದವರ ಸಂಕಟ ಸಣ್ಣದಲ್ಲ. ಆದರೂ ಉಸಿರಾಡಲು ಜಾಗವಾಯಿತು ಎಂಬುದನ್ನು ಒಪ್ಪುತ್ತೇನೆ. ನಾನು ಒಪ್ಪದಿರುವುದು ದುಡ್ಡಿನ ಸರದಿಯನ್ನು. 'ಸುಗಮ ದರ್ಶನ'ದ ಚೀಟಿ ಕೊಂಡವರು ಬೇಗ ಮುಂದೆ ಹೋಗುತ್ತಾರೆ. ಕೊಳ್ಳಲಾಗದ ಮುದುಕಿ ಗಂಟೆಗಟ್ಟಲೆ ನಿಲ್ಲುತ್ತಾಳೆ. ಜನಜಂಗುಳಿಯ ದಿನಗಳಲ್ಲಿ ಸ್ಪರ್ಶ ದರ್ಶನವೂ ನಿಲ್ಲುತ್ತದೆ. ನೂಕುನುಗ್ಗಲಿನಲ್ಲಿ ಜೀವ ಕಾಯುವುದು ಮೊದಲ ಕೆಲಸ, ನಿಜ. ಆದರೆ ಇರುವ ಸಮಯದಲ್ಲಿ ಯಾರಿಗೆ ಮೊದಲು ಎಂಬುದನ್ನು ರೊಕ್ಕ ತೀರ್ಮಾನಿಸುವುದು ತಪ್ಪು.

ನಮ್ಮವರ ವಿಷಯವೂ ಇದರಲ್ಲಿದೆ. 2022ರ ನವೆಂಬರಿನಲ್ಲಿ ಬೆಂಗಳೂರಿನಿಂದ ಕಾಶಿ ದರ್ಶನದ ರೈಲು ಹೊರಟಿತು. ಯಾತ್ರಿಕರಿಗೆ ಮುಜರಾಯಿ ಇಲಾಖೆ 5,000 ರೂಪಾಯಿ ಸಹಾಯಧನ ಕೊಟ್ಟಿತು. ಕಾಶಿಯ ಜಂಗಮವಾಡಿ ಮಠದ ಅಂಗಳದಲ್ಲಿ ಇಂದಿಗೂ ಕನ್ನಡ ಕೇಳುತ್ತದೆ. ಸಹಾಯಧನ ನಂಬಿ, ಮಂಡಿನೋವು ನುಂಗಿಕೊಂಡು ಎರಡು ಸಾವಿರ ಕಿಲೋಮೀಟರ್ ಹೋಗುವವರು ಇವರು.

1983ರಿಂದ ಈ ದೇವಾಲಯದ ಆಡಳಿತ ಉತ್ತರ ಪ್ರದೇಶ ಸರ್ಕಾರದ ಕೈಯಲ್ಲಿದೆ. ಅಲ್ಲಿನ ಆಡಳಿತ ಮಂಡಳಿಯಲ್ಲಿ ನನ್ನದೊಂದು ಬಿನ್ನಹ: ದಿನಕ್ಕೆ ಎರಡು ಗಂಟೆ ವಯಸ್ಸಾದವರಿಗೆಂದೇ ತೆಗೆದಿಡಿ. ಚೀಟಿ ಬೇಡ, ಶಿಫಾರಸು ಬೇಡ. ಅವರು ತಂದ ಗಂಗೆಯನ್ನು ಅವರ ಕೈಯಿಂದಲೇ ಎರೆಯಲು ಬಿಡಿ.