ದಕ್ಷಿಣಕ್ಕೆ ತಿರುಗಿದ ಗಾಳಿ

2022ರ ಫೆಬ್ರವರಿ 3ರಂದು ಫ್ಲಾರಿಡಾದಿಂದ 49 ಸ್ಟಾರ್‌ಲಿಂಕ್ ಉಪಗ್ರಹಗಳು ಮೇಲೇರಿದವು. ಆಗ ಇದ್ದದ್ದು ಸಾಧಾರಣ ಕಾಂತೀಯ ಬಿರುಗಾಳಿ. ಬಲ್ಲವರೂ ತಲೆ ಕೆಡಿಸಿಕೊಳ್ಳದಂಥದ್ದು. ಅಷ್ಟಕ್ಕೇ ಮೇಲಿನ ವಾಯುಮಂಡಲ ಕಾದು ಉಬ್ಬಿತು, ಕೆಳಕಕ್ಷೆಯಲ್ಲಿ ಗಾಳಿ ದಟ್ಟವಾಯಿತು. ಅದರ ತಡೆ ಮೀರಲಾಗದೆ 38 ಉಪಗ್ರಹಗಳು ಕೆಳಗಿಳಿದು ಉರಿದುಹೋದವು. ಎರಡು ದಿನ ಸುದ್ದಿಯಾಯಿತು, ಆಮೇಲೆ ಎಲ್ಲರೂ ಮರೆತರು.

ಇಂಥ ಬಿರುಗಾಳಿ ಎಬ್ಬಿಸುವುದು ಸೂರ್ಯನಿಂದ ಸದಾ ಬೀಸುವ ಕಣಗಾಳಿ. ಅದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 400 ಕಿ.ಮೀ. ಆಸುಪಾಸು. ವೇಗ ಏರಿದರೆ ಎಲ್ಲರ ಕಿವಿ ನಿಮಿರುತ್ತದೆ. ಅದು ಹೊತ್ತು ತರುವ ಕಾಂತಕ್ಷೇತ್ರ ಯಾವ ಕಡೆ ಮುಖ ಮಾಡಿದೆ ಎಂದು ಕೇಳುವವರು ಕಡಿಮೆ. ಉತ್ತರಕ್ಕಿದ್ದರೆ ಭೂಮಿಯ ಕಾಂತಗೋಳದ ಬಾಗಿಲು ಬಹುಮಟ್ಟಿಗೆ ಭದ್ರ. ದಕ್ಷಿಣಕ್ಕೆ ತಿರುಗಿ ಗಂಟೆಗಟ್ಟಲೆ ನಿಂತಿತೋ, ಯಾರೋ ಒಳಗಿನಿಂದ ಅಗುಳಿ ತೆಗೆದಂತೆ. ಬಲರೇಖೆಗಳು ಬೆಸೆದು ಶಕ್ತಿ ಒಳನುಗ್ಗುತ್ತದೆ. ವಾಯುಮಂಡಲದ ಮೇಲ್ಪದರವಾದ ಅಯಾನುಗೋಳದಲ್ಲಿ ಎದ್ದ ಪ್ರವಾಹಗಳು ನೆಲದ ವಿದ್ಯುತ್ ತಂತಿಗಳಲ್ಲೂ ಪ್ರವಾಹ ಹುಟ್ಟಿಸುತ್ತವೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನ ವಿದ್ಯುತ್ ಜಾಲ ಮಲಗಲು ಹಿಡಿದದ್ದು ಸುಮಾರು 90 ಸೆಕೆಂಡು. 60 ಲಕ್ಷ ಜನರಿಗೆ ಒಂಬತ್ತು ತಾಸು ಕತ್ತಲೆ.

ಅದೆಲ್ಲ ಧ್ರುವದ ಕಡೆಯವರ ತಲೆನೋವು ಎನ್ನುವವರು 1859ರ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ದಾಖಲೆ ನೋಡಲಿ: ಕಾಂತಕ್ಷೇತ್ರದಲ್ಲಿ ಸುಮಾರು 1,600 ನ್ಯಾನೊಟೆಸ್ಲಾ ಕುಸಿತ. ಕಾಂತೀಯ ಸಮಭಾಜಕ ಹಾಯುವುದೂ ನಮ್ಮ ದಕ್ಷಿಣ ತುದಿಯಲ್ಲೇ. ಇಲ್ಲಿನ ಅಯಾನುಗೋಳ ಎಷ್ಟೋ ಸಂಜೆ ತಾನಾಗಿಯೇ ಕದಡಿ ಜಿಪಿಎಸ್ ಸಂಕೇತವನ್ನು ಅದುರಿಸುತ್ತದೆ. ಬಿರುಗಾಳಿ ಬಂದಾಗ ಆ ಕದಡು ಒಮ್ಮೆ ಹೆಚ್ಚುತ್ತದೆ, ಒಮ್ಮೆ ಅಡಗುತ್ತದೆ. 2024ರ ಮೇ ತಿಂಗಳಲ್ಲಿ ಅಂಥದೊಂದು ಬಿರುಗಾಳಿಗೆ ಲಡಾಖಿನ ಹಾನ್ಲೆಯ ಆಗಸ ಕೆಂಪಾದಾಗ ನಾವು ಮಾಡಿದ್ದೇನು? ಫೋಟೊ ಹಂಚಿಕೊಂಡೆವು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ಲೆಕ್ಕ.

ಸೂರ್ಯನ ಚಟುವಟಿಕೆ ಏರಿಳಿಯುವ ಸೌರಚಕ್ರದ ಶಿಖರ ಕಳೆಯುತ್ತಿದ್ದಂತೆ ಈ ನೆಮ್ಮದಿ ಇನ್ನೂ ಬೆಳೆಯುತ್ತದೆ. ಆದರೆ 2003ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಮಾಲ್ಮೊ ನಗರವನ್ನು ಕತ್ತಲಿಗೆ ತಳ್ಳಿದ ಬಿರುಗಾಳಿ ಬಂದದ್ದು ಶಿಖರ ದಾಟಿದ ಸುಮಾರು ಎರಡು ವರ್ಷಕ್ಕೆ.

ಈಗ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ ನಮ್ಮದೇ ಆದಿತ್ಯ ಎಲ್-1 ನೌಕೆ ಕಾವಲಿದೆ. ಗಾಳಿ ಅದನ್ನು ದಾಟಿದ ಮೇಲೆ ನಮಗೆ ಉಳಿಯುವುದು ಒಂದು ತಾಸು. ಬಿರುಸಾಗಿದ್ದರೆ ಅರ್ಧವೂ ಇಲ್ಲ.

ಆ ಅರ್ಧ ತಾಸಿನಲ್ಲಿ, ನಡುರಾತ್ರಿ, ಗ್ರಿಡ್‌ನ ನಿಯಂತ್ರಣ ಕೊಠಡಿಯಲ್ಲಿ ಫೋನ್ ಎತ್ತುವವರು ಯಾರು, ಯಾವ ಮಾರ್ಗದ ಹೊರೆ ಮೊದಲು ಇಳಿಸಬೇಕು? ಅದು ಇಂದೇ ಕಾಗದದ ಮೇಲಿರಲಿ.