ಪಾತ್ರೆ ಬೀದಿಗೆಸೆಯಲು ನಮ್ಮ ಹುಡುಗರೇ ಬೇಕೆ?



"ಅಣ್ಣಾ, ನೀವು ಹೂಂ ಅನ್ನಿ ಸಾಕು. ಸಂಜೆಯೊಳಗೆ ಅವನ ಪಾತ್ರೆ ಪಗಡ ಎಲ್ಲಾ ಬೀದೀಲಿರುತ್ತೆ."

2017ರಲ್ಲಿ ನನ್ನ ಪ್ರೆಸ್ಸಿನ ಬಾಗಿಲಲ್ಲಿ ನಿಂತು ನಾಲ್ಕು ಹುಡುಗರು ಹೇಳಿದ ಮಾತಿದು. ಹೆಗಲ ಮೇಲೆ ಕೆಂಪು ಹಳದಿ ಶಾಲು ಹೊತ್ತ ನಮ್ಮ ಹುಡುಗರೇ. ನನ್ನ ಮೇಲಿನ ಪ್ರೀತಿಯಿಂದ ಹೇಳಿದರು. ಸುಳ್ಳೇಕೆ ಹೇಳಲಿ, ನನಗೂ ಹೂಂ ಅನ್ನಬೇಕೆನಿಸಿತ್ತು.

ಸಂಗತಿ ಇಷ್ಟೆ. ಆಫ್‌ಸೆಟ್ ಯಂತ್ರ ಕೊಳ್ಳಲು ದುಡ್ಡು ಬೇಕಿತ್ತು. 2016ರಲ್ಲಿ ಅಪ್ಪ ಕಟ್ಟಿಸಿದ ಸಣ್ಣ ಮನೆಯನ್ನು 32 ಲಕ್ಷಕ್ಕೆ ಮಾರುವ ಮಾತಾಯಿತು. 1 ಲಕ್ಷ ಮುಂಗಡ, 7 ಲಕ್ಷ ಕೊಟ್ಟ ದಿನ ಬೀಗದ ಕೈ, ಉಳಿದದ್ದು ಕಂತಿನಲ್ಲಿ. ಪೂರ್ತಿ ತೀರಿದ ಮೇಲೆ ಕ್ರಯಪತ್ರ. ಅವನು ಲಕ್ಷದಂತೆ ಮೂರು ಕಂತು ಕಟ್ಟಿದ, ನಿಲ್ಲಿಸಿದ. ಫೋನೂ ಎತ್ತಲಿಲ್ಲ. ಖಾತೆ ನನ್ನ ಹೆಸರಲ್ಲಿದೆ, ಕಂದಾಯ ಕಟ್ಟುವವನು ನಾನು. ನನ್ನ ಮನೆಯಿಂದ ಅವನನ್ನು ಹೊರಹಾಕಲು ಯಾರ ಅಪ್ಪಣೆ ಬೇಕು?

ಕೋರ್ಟಿನ ಅಪ್ಪಣೆ ಬೇಕು. ವಕೀಲರು ಅದನ್ನು ಬಿಡಿಸಿ ಹೇಳಿದಾಗ ನನ್ನ ಬಿಸಿ ಇಳಿಯಿತು. ಕ್ರಯದ ಕರಾರು ಬರೆದ ಮಾತ್ರಕ್ಕೆ ಮನೆ ಅವನದಾಗಲಿಲ್ಲ, ನಿಜ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಅದನ್ನೇ ಹೇಳುತ್ತದೆ. ಆದರೆ ಅವನು ಬೀಗ ಒಡೆದು ನುಗ್ಗಿದವನಲ್ಲ. ನಾನೇ ಕೈಯಾರೆ ಬೀಗದ ಕೈ ಕೊಟ್ಟು ಕೂರಿಸಿದವನು. ಹಾಗೆ ನೆಲೆಯಾಗಿ ಕೂತವನನ್ನು ನಿಜವಾದ ಮಾಲೀಕನೂ ತೋಳ್ಬಲದಿಂದ ಎಬ್ಬಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2003ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಅದು ಕರ್ನಾಟಕದಿಂದಲೇ ಹೋದ ಮೊಕದ್ದಮೆ. ಎಬ್ಬಿಸಿದೆವು ಅನ್ನಿ. ಆರು ತಿಂಗಳೊಳಗೆ ಅವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹಾಕಿದರೆ, ಮನೆ ಯಾರದೆಂಬ ವಿಚಾರಕ್ಕೇ ಹೋಗದೆ ಕೋರ್ಟು ಅವನನ್ನು ಮತ್ತೆ ಒಳಗೆ ಕೂರಿಸಬಹುದು. ಅಷ್ಟರಲ್ಲಿ ಪಾತ್ರೆ ಎಸೆದ ಹುಡುಗರು ಅತಿಕ್ರಮ ಪ್ರವೇಶದ ಕೇಸಿಗೆ ವಾಯಿದೆ ಅಲೆಯುತ್ತಿರುತ್ತಾರೆ.

ಇನ್ನು ದುಡ್ಡಿನ ಮಾತು. "ಕಂತು ತಪ್ಪಿಸಿದ, ಕೊಟ್ಟದ್ದೆಲ್ಲಾ ನನ್ನದು" ಅಂದುಕೊಂಡಿದ್ದೆ. ಅದೂ ತಪ್ಪು. 1949ರಲ್ಲಿ ದೆಹಲಿಯ ಮನೆಯೊಂದು 1,12,500 ರೂಪಾಯಿಗೆ ಹೀಗೇ ಕರಾರಾಗಿತ್ತು. 1,000 ಮುಂಗಡ, 24,000 ಕೊಟ್ಟು ಸ್ವಾಧೀನ, ಬಾಕಿ ಬರಲಿಲ್ಲ. ಮಾರಿದವನು ಎಲ್ಲವನ್ನೂ ನುಂಗಲು ನೋಡಿದ. 1963ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಮುಂಗಡದ 1,000 ಇಟ್ಟುಕೋ, ಆ 24,000 ಮುಟ್ಟುಗೋಲು ಹಾಕಲು ನಿನಗೆ ಹಕ್ಕಿಲ್ಲ. ಕರಾರಿನಲ್ಲಿ ಏನೇ ಬರೆದಿರಲಿ, ಆದ ನಷ್ಟಕ್ಕೆ ತಕ್ಕಷ್ಟೇ ಪರಿಹಾರ.

ಕೊಂಡವನಿಗೂ ಒಂದು ಮಾತು. ಬಾಕಿ ಕೊಡಲು ಸಿದ್ಧನಿರುವವನಿಗೆ 1882ರ ಕಾಯ್ದೆಯ 53-ಎ ಕಲಂ ಗುರಾಣಿ. ಆದರೆ 2001ರ ತಿದ್ದುಪಡಿಯ ನಂತರ ಬರೆದ ಕರಾರಾದರೆ ಅದು ನೋಂದಣಿಯಾಗಿರಲೇಬೇಕು. ನಮ್ಮದು ಆಗಿರಲಿಲ್ಲ. ಹಾಗೆಂದು ನಾನೂ ಬೀಗಬೇಕಿರಲಿಲ್ಲ. ಸ್ವಾಧೀನ ಕೊಟ್ಟ ಕರಾರಿಗೆ ನಮ್ಮ ರಾಜ್ಯದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ನಾವು ಬರೆದದ್ದು ಇನ್ನೂರು ರೂಪಾಯಿ ಛಾಪಾ ಕಾಗದದ ಮೇಲೆ. ಅದನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಒಪ್ಪಿಸಬೇಕಾದರೆ ಬಾಕಿ ಶುಲ್ಕ, ಜೊತೆಗೆ ಅದರ ಹತ್ತು ಪಟ್ಟು ದಂಡ!

ನಾಚಿಕೆಯ ಸಂಗತಿ ಇನ್ನೊಂದಿದೆ. ಹಗಲೂ ರಾತ್ರಿ ಕನ್ನಡ ಅಚ್ಚು ಹಾಕುವ ನಾನು ಸಹಿ ಮಾಡಿದ್ದು ಇಂಗ್ಲಿಷ್ ಕರಾರಿಗೆ. ನನಗೂ ಪೂರ್ತಿ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಕಂತು ತಪ್ಪಿದರೆ ಏನು ಎನ್ನುವ ಸಾಲೇ ಅದರಲ್ಲಿರಲಿಲ್ಲ. ಕನ್ನಡದಲ್ಲಿ ಬರೆದ ಕ್ರಯಪತ್ರ ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಿನವೂ ನೋಂದಣಿಯಾಗುತ್ತದೆ. ನನಗೇನು ದಾಡಿಯಾಗಿತ್ತು?

ಹುಡುಗರನ್ನು ಟೀ ಕುಡಿಸಿ ಕಳಿಸಿದೆ. ನೋಟೀಸು ಕೊಟ್ಟೆ, 2018ರಲ್ಲಿ ದಾವೆ ಹಾಕಿದೆ. 2021ರಲ್ಲಿ ಲೋಕ ಅದಾಲತ್ತಿನಲ್ಲಿ ಎದುರುಬದುರು ಕೂತೆವು. 2016ರ ನವೆಂಬರಿನ ನೋಟು ರದ್ದತಿ ಅವನ ಚಿಲ್ಲರೆ ವ್ಯಾಪಾರವನ್ನು ಮುರಿದಿತ್ತು ಎಂದು ನನಗೆ ಗೊತ್ತಾದದ್ದು ಅಂದೇ. ಮುಂಗಡದ 1 ಲಕ್ಷ, ಇದ್ದಷ್ಟು ಕಾಲದ ಬಾಡಿಗೆ ಲೆಕ್ಕಕ್ಕೆ 4 ಲಕ್ಷ ಹಿಡಿದು, ಉಳಿದ 6 ಲಕ್ಷ ವಾಪಸು ಕೊಟ್ಟೆ. ಅವನು ಬೀಗದ ಕೈ ಕೊಟ್ಟ. ಅದಾಲತ್ತಿನ ತೀರ್ಪಿಗೆ ಮೇಲ್ಮನವಿಯಿಲ್ಲ, ಅಲ್ಲಿಗೆ ಮುಗಿಯಿತು. ಐದು ವರ್ಷ ಹೋದವು, ಯಂತ್ರ ಬರಲಿಲ್ಲ. ಆದರೆ ಯಾವ ಹುಡುಗನೂ ಸ್ಟೇಷನ್ ಮೆಟ್ಟಿಲು ಹತ್ತಲಿಲ್ಲ.

ಮನೆ ಮಾರುವ, ಕೊಳ್ಳುವ ವಯಸ್ಸು ನಿಮಗೂ ಬರುತ್ತದೆ. ಕ್ರಯಪತ್ರಕ್ಕೆ ಮೊದಲು ಬೀಗದ ಕೈ ಕೊಡಬೇಡಿ. ಕೊಡಲೇಬೇಕಾದರೆ ಕರಾರನ್ನು ಕನ್ನಡದಲ್ಲಿ ಬರೆಸಿ, ನೋಂದಣಿ ಮಾಡಿಸಿ. ಕಂತು ತಪ್ಪಿದರೆ ಎಷ್ಟು ದಿನ ಕಾಯುವುದು, ಬಾಡಿಗೆ ಎಷ್ಟು ಹಿಡಿಯುವುದು, ಎಷ್ಟು ಹಿಂತಿರುಗಿಸುವುದು, ಎಲ್ಲವನ್ನೂ ಅಂಕಿಯಲ್ಲಿ ಬರೆಸಿ.

ನಾಳೆ ಯಾರೋ ಮಾಲೀಕ ಬಂದು "ಸ್ವಲ್ಪ ಮನೆ ಖಾಲಿ ಮಾಡಿಸ್ರಪ್ಪಾ" ಅಂದರೆ, ಅವನಿಗೆ ಕೋರ್ಟಿನ ದಾರಿ ತೋರಿಸಿ. ನಿಮ್ಮ ಹೆಗಲ ಮೇಲಿನ ಶಾಲು ಇನ್ನೊಬ್ಬನ ಸಾಲ ವಸೂಲಿಗಲ್ಲ.